ಮಾರ್ನಿಂಗ್ ಸ್ಟಾರ್ ಕ್ಲಬ್ಬಿನ ನೆಲ ಬಡಿದ ದೇಯಿ

ದೇಯಿಯ ವಿಷಯ ನಾನು ಮೊದಲು ಕೇಳಿದ್ದು ಸಾವಿರದ ಒಂಬೈನೂರ ಎಂಟನೆಯ ಇಸವಿಯ ನವೆಂಬರಿನಲ್ಲಿ, ನಮ್ಮವರ ಬೈಗುಳದಿಂದ. ಮಧ್ಯಾಹ್ನ ಮನೆಗೆ ಬಂದವರು ಗಂಜಿಯ ಬಟ್ಟಲು ಮುಟ್ಟದೆ ಕೂತಿದ್ದರು. ಮೊಣಕಾಲಿನವರೆಗೆ ಕೆಸರು. ಕಿವಿ ಎರಡೂ ಕೆಂಪಾಗಿದ್ದವು.

"ಎಂತ ಆಯ್ತು?" ಎಂದೆ.

"ಒಬ್ಬಳು ಹೆಂಗಸು. ತಲೆಯಲ್ಲಿ ಸೆಗಣಿಯ ಬುಟ್ಟಿ. ದಾರಿಯಲ್ಲಿ ನಿಂತು ನಮ್ಮನ್ನು ನೋಡಿ ನಗ್ತಾಳೆ. ಹನ್ನೊಂದು ಜನ ಗಂಡಸರನ್ನು!"

ನಮ್ಮವರು ಎಂದರೆ ಆಂಬ್ರೋಸ್, ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಅವರು, ಅವರ ಚಿಕ್ಕಪ್ಪನ ಮಗ ಹ್ಯೂಬರ್ಟ್ ಮತ್ತು ಆಫೀಸಿನ ಕೆಲವರು ಸೇರಿ ಆ ವರ್ಷ ಅತ್ತಾವರದಲ್ಲಿ ಮಾರ್ನಿಂಗ್ ಸ್ಟಾರ್ ಕ್ರಿಕೆಟ್ ಕ್ಲಬ್ ಎಂದು ಶುರು ಮಾಡಿದ್ದರು. ಆಡಲು ಸಿಕ್ಕಿದ ಜಾಗ ನಮ್ಮ ಮನೆಯ ಹಿಂದಿನ ಬೆಟ್ಟು ಗದ್ದೆ. ಅದರಲ್ಲಿ ಮಳೆಗಾಲದ ಒಂದೇ ಬೆಳೆ. ಕೊಯ್ಲಾದ ಮೇಲೆ ಮುಂದಿನ ಮಳೆಯವರೆಗೆ ಖಾಲಿ. ಇವರು ರಸ್ತೆ ಕೆಲಸದ ಕಲ್ಲಿನ ರೋಲರನ್ನು ಎರವಲು ತಂದು ಆ ಹಸಿ ಗದ್ದೆಯ ಮೇಲೆ ಎಳೆದಿದ್ದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಬ್ಬುತ್ತಿತ್ತು.

"ನಕ್ಕದ್ದು ಮಾತ್ರವಾ, ಏನಾದರೂ ಹೇಳಿದಳಾ?"

"'ಪೊರ್ಬುಗಳೇ, ದೋಸೆಯ ಹಿಟ್ಟನ್ನು ಲಟ್ಟಿಸಲಿಕ್ಕೆ ಹೊರಟಿದ್ದೀರಾ?' ಎಂದಳು."

ಕ್ರಿಸ್ತುವ ಗಂಡಸರಿಗೆ ಪೊರ್ಬುಗಳು, ಹೆಂಗಸರಿಗೆ ಬಾಯಮ್ಮ ಎನ್ನುವುದು ತುಳುವರ ಮರ್ಯಾದೆ. ಆ ಮರ್ಯಾದೆಗೆ ನನಗೆ ನಗು ತಡೆಯಲಿಲ್ಲ. ಅವರು ಬಟ್ಟಲು ದೂಡಿ ಎದ್ದರು. "ನಗು, ನಗು. ಬುಟ್ಟಿ ಕೊಡ್ತೇನೆ, ನೀನೂ ಹೋಗಿ ಅವಳ ಜೊತೆ ನಿಲ್ಲು."

ಮೂರು ದಿನ ಕಳೆದ ಮೇಲೆ ಅದೇ ಹೆಂಗಸನ್ನು ಹುಡುಕಿಕೊಂಡು ಇವರೇ ಹೋದರು. ಬೇರೆ ದಾರಿ ಇರಲಿಲ್ಲ.

ನಲವತ್ತು ವರ್ಷದ ಹಿಂದಿನ ಈ ಮಾತನ್ನು ಈಗ ಬರೆಯಲು ಕಾರಣ, ಕ್ಲಬ್ಬಿನವರು ಮೊನ್ನೆ ಅಚ್ಚು ಹಾಕಿಸಿದ ಚರಿತ್ರೆಯ ಪುಸ್ತಕ. ನಾನು ಕನ್ನಡ ಕಲಿತದ್ದು ಕಾನ್ವೆಂಟಿನಲ್ಲಿ ನಾಲ್ಕನೆಯ ಕ್ಲಾಸಿನವರೆಗೆ. ಆದರೂ ಮೂವತ್ತೆರಡು ಪುಟವನ್ನು ಬೆರಳಿಟ್ಟು ಓದಿದ್ದೇನೆ. ಐದನೆಯ ಪುಟದಲ್ಲಿ ನಮ್ಮವರ ಫೋಟೋ. ಆಮೇಲೆ ತರಿಸಿದ ಕಬ್ಬಿಣದ ರೋಲರಿಗೆ ಅರ್ಧ ಪುಟ. ಅದನ್ನು ಹಡಗಿನಿಂದ ಇಳಿಸುವಾಗ ಬಂದರಿನಲ್ಲಿ ಎಷ್ಟು ಜನ ಬೇಕಾಯಿತು, ಅದಕ್ಕೆ ಯಾವ ಬಣ್ಣ ಬಳಿದರು, ಎಲ್ಲವೂ ಉಂಟು. ಹದಿನೆಂಟು ವರ್ಷ ಆ ನೆಲವನ್ನು ಕೈಯಾರೆ ಬಡಿದವಳಿಗೆ ಒಂದು ಸಾಲು. ಆ ಒಂದು ಸಾಲೂ ಸುಳ್ಳು. ಅದು ಇಪ್ಪತ್ತೊಂದನೆಯ ಪುಟದಲ್ಲಿದೆ: 'ಕೂಲಿ ಹೆಂಗಸೊಬ್ಬಳ ಅಲಕ್ಷ್ಯದಿಂದ ಪಿಚ್ಚು ಕೆಟ್ಟು ಪಂದ್ಯ ನಿಂತುಹೋಯಿತು.' ಹೆಸರು ಸಹ ಇಲ್ಲ. ರೋಲರಿಗೆ ಹೆಸರುಂಟು.

ಅವಳು ಯಾರೆಂದು ನಾನು ಹೇಳುತ್ತೇನೆ.

ನಮ್ಮ ಕಡೆ ಮಳೆ ನಿಂತ ಕೂಡಲೇ ಪ್ರತಿ ಮನೆಯ ಅಂಗಳವನ್ನೂ ಹೊಸದಾಗಿ ಮಾಡಬೇಕು. ಮಳೆ ತಿಂದ ಮಣ್ಣನ್ನು ಕೆತ್ತಿ, ಹದ ಬಂದ ಮೇಲೆ ಹಿಡಿಯಿರುವ ಮರದ ಹಲಗೆಯಿಂದ ಬಡಿದು, ಸೆಗಣಿಗೆ ತೆಂಗಿನ ಗೆರಟೆಯ ಮಸಿ ಕಲಸಿ ಸಾರಿಸುತ್ತಾರೆ. ಭತ್ತ ಬಡಿಯುವುದು, ಒಣಗಿಸುವುದು, ರಾಶಿ ಹಾಕುವುದು ಎಲ್ಲ ಅದರ ಮೇಲೆಯೇ. ಕಲ್ಲು ಎದ್ದರೆ ಅನ್ನದಲ್ಲಿ ಕಲ್ಲು. ಅತ್ತಾವರದಿಂದ ಬಲ್ಮಠದ ಗುಡ್ಡೆಯವರೆಗೆ ಆ ಕೆಲಸಕ್ಕೆ ದೇಯಿಯೇ ಬೇಕು. ಅವಳು ಬಡಿದ ಅಂಗಳದಲ್ಲಿ ರಾಶಿ ಬಿದ್ದರೆ ವರ್ಷವಿಡೀ ಕಣಜ ಬರಿದಾಗುವುದಿಲ್ಲ, ಅವಳ ಕೈಗುಣ ಹಾಗೆ ಎಂದು ಜನ ನಂಬಿದ್ದರು. ಗಂಡ ಬೇಗ ಸತ್ತಿದ್ದ, ಮಕ್ಕಳಿರಲಿಲ್ಲ, ಗೇಣಿಯ ಗದ್ದೆಯೂ ಇರಲಿಲ್ಲ. ಅವಳ ಆಸ್ತಿ ಎಂದರೆ ಆ ಕೈಗುಣದ ಹೆಸರು.

ಕ್ಲಬ್ಬಿನ ಪಿಚ್ಚನ್ನು ಅವಳು ಅಂಗಳದಂತೆಯೇ ಮಾಡಿದಳು. ಇಪ್ಪತ್ತೆರಡು ಗಜ ಉದ್ದದ ಪಟ್ಟಿಯನ್ನು ಅಗೆದು, ಗದ್ದೆಯ ಮಣ್ಣು ತೆಗೆದು, ಮುರಕಲ್ಲಿನ ಪುಡಿ ತುಂಬಿದಳು. ಕುಕ್ಕರಗಾಲಿನಲ್ಲಿ ಕೂತು ಹಲಗೆಯಿಂದ ಬಡಿಯುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದಳು. ತಿರುಗಿ ಮತ್ತೆ ಅಲ್ಲಿಂದ ಇಲ್ಲಿಗೆ. ಹೀಗೆ ಏಳು ದಿನ. ಕೊನೆಗೆ ಮೂರು ಸಲ ಸಾರಿಸಿದಳು. ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮೊಳೆ ಹೊಡೆದು ಇವರು ಆಡಿದರು.

ಹ್ಯೂಬರ್ಟ್ ಕ್ಯಾಪ್ಟನ್. ಅವನ ಕೈಯ ಹೊಸ ಬ್ಯಾಟನ್ನು ನೋಡಿ ದೇಯಿ ತನ್ನ ಹಲಗೆಯನ್ನು ಎತ್ತಿ ಹಿಡಿದು, "ಇದರ ಮರಿ ಅದು. ಇನ್ನೂ ಕೆಲಸ ಕಲಿಯಲಿಲ್ಲ" ಎಂದಿದ್ದಳು. ಅವನಿಗೂ ಆಗ ನಗು ಬಂದಿತ್ತು. ಆಗ ಅವರಿಗೆಲ್ಲ ನಗಲು ಬರುತ್ತಿತ್ತು.

ನಾಲ್ಕು ವರ್ಷದಲ್ಲಿ ಕ್ಲಬ್ಬಿಗೆ ಹೆಸರು ಬಂತು. ಹೆಸರು ಬಂದ ಕೂಡಲೇ ಗದ್ದೆಯ ಸುತ್ತ ಒಂದು ಹಗ್ಗವೂ ಬಂತು. ಪಂದ್ಯದ ದಿನ ಕೂಲಿಯವರು ಹಗ್ಗದ ಒಳಗೆ ಬರಬಾರದೆಂದು ಮೀಟಿಂಗಿನಲ್ಲಿ ಬರೆದುಕೊಂಡರು. ಹಿಂದಿನ ದಿನದವರೆಗೆ ಅವಳ ಅಂಗೈ ಮುಟ್ಟದ ಒಂದು ಇಂಚು ಆ ನೆಲದಲ್ಲಿ ಇರಲಿಲ್ಲ. ಮರುದಿನ ಅವಳ ಕಾಲು ತಾಗಿದರೆ ದೋಷ! ಹೆಂಗಸರಾದ ನಮಗೂ ಅಲ್ಲಿ ಕುರ್ಚಿ ಇರಲಿಲ್ಲ. ಹಾಗಾಗಿ ನಮ್ಮ ಮನೆಯ ಪಾಗಾರದ ಗೋಡೆಯ ಈಚೆ, ಹಲಸಿನ ಮರದಡಿ, ನಾನೂ ದೇಯಿಯೂ ನಿಂತು ನೋಡುತ್ತಿದ್ದೆವು.

ಅವಳಿಗೆ ರನ್ನಿನ ಲೆಕ್ಕ ಬೇಡ. ಚೆಂಡು ನೆಲಕ್ಕೆ ಬಿದ್ದಾಗಿನ ಶಬ್ದ ಕೇಳುತ್ತಿದ್ದಳು. "ಟಣ್ ಅಂತು. ಒಣಗಿದೆ, ಬಾಯಮ್ಮ." ಮತ್ತೆ, "ಆಚೆ ತುದಿಯಲ್ಲಿ ಸ್ವಲ್ಪ ಮೆತ್ತಗೆ ಉಂಟು. ನಾಳೆ ಎರಡು ಪೆಟ್ಟು ಹಾಕಬೇಕು."

ನಮ್ಮವರು ಮೊದಲನೆಯವರಾಗಿ ಆಡಲು ಇಳಿಯುವವರು. ಹೋದಷ್ಟೇ ವೇಗದಲ್ಲಿ ಹಿಂದೆ ಬರುವುದೂ ಇತ್ತು.

"ಬಾಯಮ್ಮ, ನಿಮ್ಮ ಪೊರ್ಬುಗಳು ಬಂದ್ರು."

"ಇಷ್ಟು ಬೇಗವಾ?"

"ಬಿಸಿಲಿಗೆ ಹೆದರಿ ಇರಬೇಕು."

ಪ್ರತಿ ನವೆಂಬರಿನಲ್ಲಿ ನಮ್ಮ ಅಂಗಳವನ್ನೂ ಅವಳೇ ಮಾಡುತ್ತಿದ್ದಳು. ಕೆಲಸ ಮುಗಿಸಿ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ನನ್ನ ಕೊಡಗಳನ್ನೂ ಹುಣಸೆಹುಳಿ ಹಾಕಿ ಉಜ್ಜಿಕೊಟ್ಟು ಹೋಗುವಳು. ಒಂದು ತಾಮ್ರದ ಕೊಡ ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು. ತಳ ತೂತಾಗಿ ಬೆಸುಗೆಯವನು ಹೊರಗಿನಿಂದ ಗೋಡಂಬಿಯ ಆಕಾರದ ಒಂದು ತೇಪೆ ಹಾಕಿದ್ದ. "ಇದಕ್ಕೆ ಹೊಟ್ಟೆಯ ಅಡಿಯಲ್ಲಿ ಗೇರುಬೀಜ ಉಂಟು" ಎಂದು ಅವಳು ಪ್ರತಿ ವರ್ಷ ಅದೇ ತಮಾಷೆ ಮಾಡುವಳು. ನಾನೂ ಪ್ರತಿ ವರ್ಷ ನಗುತ್ತಿದ್ದೆ.

ಹೀಗೆ ಇಪ್ಪತ್ತಾರನೆಯ ಇಸವಿ ಬಂತು. ಕ್ರಿಸ್ಮಸ್ ಕಳೆದ ವಾರದಲ್ಲಿ ಕಣ್ಣೂರಿನ ಕಡೆಯ ಒಂದು ತಂಡದ ಜೊತೆ ಪಂದ್ಯ. ನಮ್ಮವರ ಆಫೀಸಿನ ಬಿಳಿ ದೊರೆಗಳೂ ನೋಡಲು ಬರುವವರಿದ್ದರು. ಆ ತಂಡದಲ್ಲಿ ಒಬ್ಬ ವೇಗವಾಗಿ ಚೆಂಡು ಎಸೆಯುವವನಿದ್ದ. ತಲಶ್ಶೇರಿಯಲ್ಲಿ ಯಾರದೋ ಪಕ್ಕೆಲುಬು ಮುರಿದ ಎಂಬ ಸುದ್ದಿ ಅವನಿಗಿಂತ ಮೊದಲೇ ರೈಲಿನಲ್ಲಿ ಬಂದಿತ್ತು. ನಮ್ಮವರಿಗೆ ಆಗ ನಲವತ್ತಾರು ವರ್ಷ, ಹೊಟ್ಟೆ ಬಂದಿತ್ತು. ಆದರೂ ಮೊದಲು ಇಳಿಯುವ ಹಟ. ಆ ವಾರವಿಡೀ ಅವರು ಸರಿಯಾಗಿ ಊಟ ಮಾಡಲಿಲ್ಲ.

ದೇಯಿ ನಾಲ್ಕು ದಿನ ಮೊದಲೇ ಕೊನೆಯ ಸಾರಣೆ ಮುಗಿಸಿದಳು. ನನ್ನ ಎದುರಿನಲ್ಲೇ ಹೇಳಿದಳು: "ಪೊರ್ಬುಗಳೇ, ಇನ್ನು ಇದಕ್ಕೆ ಒಂದು ಚೊಂಬು ನೀರು ಸಹ ತಾಗಬಾರದು. ತಾಗಿದರೆ ಮೇಲಿನ ಪದರ ಎದ್ದು ಬರ್ತದೆ."

"ಗೊತ್ತುಂಟು, ಗೊತ್ತುಂಟು. ಹದಿನೆಂಟು ವರ್ಷದಿಂದ ಕೇಳ್ತಾ ಇದ್ದೇನೆ."

ಗೊತ್ತಿರಲಿಲ್ಲ. ಹದಿನೆಂಟು ವರ್ಷ ಎದುರಿನಲ್ಲೇ ನೋಡಿದರೂ, ಅದು ಬುದ್ಧಿಯಿಂದ ಮಾಡುವ ಕೆಲಸ ಎಂದು ಇವರಲ್ಲಿ ಒಬ್ಬನಿಗೂ ತೋರಿರಲಿಲ್ಲ. ಮಣ್ಣು ತಾನೆ, ಸೆಗಣಿ ತಾನೆ ಎಂದುಕೊಂಡಿದ್ದರು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ನಮ್ಮವರೂ ಹ್ಯೂಬರ್ಟನೂ ಅಡಿಗೆಮನೆಗೆ ಬಂದು ಎರಡು ಕೊಡ ತೆಗೆದುಕೊಂಡರು. ಮದುವೆಯ ಕೊಡವೂ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಗಂಡಸರು ಕೊಡ ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ.

"ಎಂತಕ್ಕೆ?"

"ನಾಳೆ ಬರುವವರಿಗೆ ಕುಡಿಯುವ ನೀರು ಬೇಡವಾ?"

"ಕುಡಿಯುವ ನೀರನ್ನು ಇವತ್ತೇ ತುಂಬಿಸುವುದಾ?"

"ನೀನು ನಿನ್ನ ಮೀನು ನೋಡಿಕೋ."

ಕಿಟಕಿಯಿಂದ ಕಾಣುತ್ತಿತ್ತು. ಬಾವಿಯಿಂದ ಗದ್ದೆಗೆ ಇಬ್ಬರೂ ಹನ್ನೊಂದು ಸಲ ಹೋದರು. ನೆಲ ಮೆತ್ತಗಾದರೆ ಚೆಂಡು ಎದೆಗೆ ಏರುವುದಿಲ್ಲ ಎಂಬುದು ಅವರ ಉಪಾಯ. ಸಂಜೆ ಕೊಡಗಳು ಮನೆಗೆ ಬಂದಾಗ ಅಡಿಯೆಲ್ಲ ಮಸಿ, ಸೆಗಣಿ. ನಾನು ಬಾಯಿ ಮುಚ್ಚಿಕೊಂಡು ತೊಳೆದೆ. ಮರುದಿನ ಬೆಳಿಗ್ಗೆ ಅವರು ಚಾಪೆ ಹಾಸಿ ಮೇಲಿನ ಒದ್ದೆಯನ್ನು ಮುಚ್ಚಿದರು.

ಆಟ ಶುರುವಾಯಿತು. ಕಣ್ಣೂರಿನವರೇ ಮೊದಲು ಆಡಲು ಇಳಿದರು. ದೇಯಿ ನನ್ನ ಪಕ್ಕದಲ್ಲಿ ಪಾಗಾರಕ್ಕೆ ಒರಗಿದ್ದಳು. ಮೊದಲನೆಯ ಚೆಂಡು ಬಿದ್ದದ್ದೇ ನೆಟ್ಟಗೆ ನಿಂತಳು.

"ಬಾಯಮ್ಮ, ಇದು ನನ್ನ ನೆಲದ ಶಬ್ದ ಅಲ್ಲ."

ನಾನು ಗದ್ದೆಯ ಕಡೆಯೇ ನೋಡುತ್ತ ನಿಂತೆ.

"ಕೇಳಿ. ಬುಸ್ ಅಂತದೆ. ನೀರು ಕುಡಿದಿದೆ."

ಅರ್ಧ ಗಂಟೆಯಲ್ಲಿ ಮೊಳೆಗಳು ಸಡಿಲವಾದವು. ಓಡುತ್ತಿದ್ದ ಕಣ್ಣೂರಿನ ಒಬ್ಬ ಹುಡುಗನ ಕಾಲ ಕೆಳಗಿನಿಂದ ಚಾಪೆ ಜಾರಿತು. ಅವನು ಬಿದ್ದು ಮೊಣಕಾಲು ಹಿಡಿದು ಕೂಗಿದ ಕೂಗು ನಮ್ಮ ಪಾಗಾರದವರೆಗೆ ಕೇಳಿತು. ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಚಾಪೆ ಎತ್ತಿ ನೋಡಿದರೆ ಕರಿ ರೊಚ್ಚೆ.

ದೇಯಿ ಪಾಗಾರದ ತಡಮೆಯ ಮೆಟ್ಟಿಲು ಹತ್ತಿ ದಾಟಿದಳು, ಹಗ್ಗವನ್ನೂ ದಾಟಿದಳು. ಅಷ್ಟು ಜನ ಕೋಟಿನವರ ನಡುವೆ ಕುಕ್ಕರಗಾಲಿನಲ್ಲಿ ಕೂತು ರೊಚ್ಚೆಯಲ್ಲಿ ಬೆರಳು ಊರಿದಳು. ಬಗ್ಗಿ ತುಂಬ ಹೊತ್ತು ನೋಡಿದಳು. ಎದ್ದು ಹೇಳಿದಳು: "ಇದು ಮೇಲಿನಿಂದ ಹೊಯ್ದ ನೀರು. ಎರಡು ಬೆರಳು ಕೆಳಗೆ ನನ್ನ ನೆಲ ಕಲ್ಲಿನ ಹಾಗೆ ಉಂಟು. ಬೇಕಾದರೆ ಮುಟ್ಟಿ ನೋಡಿ."

ಯಾರೂ ಮುಟ್ಟಲಿಲ್ಲ.

"ಹಗ್ಗದ ಒಳಗೆ ಬರಲಿಕ್ಕೆ ಯಾರು ಹೇಳಿದ್ದು ನಿನಗೆ?" ಎಂದ ಹ್ಯೂಬರ್ಟ್. ಹದಿನೆಂಟು ವರ್ಷ ಅವಳ ನೆಲದ ಮೇಲೆ ರನ್ನು ತೆಗೆದವನು!

ನಮ್ಮವರು ದೊರೆಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ಇಂಗ್ಲಿಷ್ ಬಾರದು. ಆದರೆ ಬೆರಳು ಯಾರ ಕಡೆ ಇತ್ತೆಂದು ಕಾಣಲು ಇಂಗ್ಲಿಷ್ ಬೇಡ. ಮತ್ತೆ ಎಲ್ಲರಿಗೂ ತಿಳಿಯಲೆಂದು ತುಳುವಿನಲ್ಲಿ ದೊಡ್ಡ ಸ್ವರದಲ್ಲಿ ಹೇಳಿದರು: "ಈ ಸಲ ಇವಳು ಸರಿಯಾಗಿ ಬಡಿಯಲಿಲ್ಲ. ಸೋಮಾರಿತನ. ಇವಳನ್ನು ನಂಬಿ ನಾವು ಕೆಟ್ಟೆವು."

ದೇಯಿ ಅವರನ್ನು ನೋಡಲಿಲ್ಲ. ತಿರುಗಿ ಪಾಗಾರದ ಕಡೆ, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಸೆರಗಿನ ದಾರ ಕೀಳುತ್ತ ನಿಂತೆ. ಗಂಡಸರ ಮೇಲೆ ಇಷ್ಟೆಲ್ಲ ಸಿಟ್ಟು ಕಾರುವವಳು ಇದನ್ನೂ ಬರೆಯಬೇಕು, ಅದಕ್ಕೆ ಬರೆದೆ.

ಅವತ್ತು ಸಂಜೆ ನಮ್ಮವರನ್ನು ಕೇಳಿದೆ: "ಹೇಗೆ ಬಂತು ನಿಮ್ಮ ಬಾಯಲ್ಲಿ ಆ ಮಾತು?"

"ದೊರೆಗಳು ಕೂತಿದ್ದರು. ನನ್ನ ಮಾನ ಹೋಗಬೇಕಿತ್ತಾ?"

"ಅವಳ ಮಾನ?"

"ಅವಳಿಗೆ ಎಂತ ಮಾನ, ರೊಸಾಲಿನ್? ನಾಲ್ಕು ದಿನದಲ್ಲಿ ಎಲ್ಲರೂ ಮರೀತಾರೆ. ಅವಳೂ ಮರೀತಾಳೆ."

ಮುಂದಿನ ನವೆಂಬರಿನಲ್ಲಿ ದೇಯಿಯನ್ನು ಯಾರೂ ಅಂಗಳಕ್ಕೆ ಕರೆಯಲಿಲ್ಲ. ಅವಳು ಬಡಿದ ನೆಲದಲ್ಲಿ ಒಬ್ಬನ ಕಾಲು ಮುರಿಯಿತು, ಅವಳ ಕೈಗುಣ ಹೋಯಿತು ಎಂದು ಬಾಯಿಯಿಂದ ಬಾಯಿಗೆ ಹೋಗಿತ್ತು. ಕೈಗುಣ ಹೋದವಳು ಬಡಿದ ಅಂಗಳದಲ್ಲಿ ಯಾರು ರಾಶಿ ಹಾಕುತ್ತಾರೆ? ನಮ್ಮ ಅಂಗಳಕ್ಕೂ ನಮ್ಮವರು ಬೇರೆ ಜನ ಮಾಡಿದರು. ಆ ವರ್ಷ ನಮ್ಮ ಅನ್ನದಲ್ಲಿ ಕಲ್ಲು ಬಂತು. ಅವರು ಕಟಕಟ ಎಂದು ಕಲ್ಲು ಕಡಿಯುವಾಗ ನನಗೆ ಸಂತೋಷವಾಗುತ್ತಿತ್ತು. ಪಾಪವೋ ಪುಣ್ಯವೋ ಗೊತ್ತಿಲ್ಲ, ಆಗುತ್ತಿತ್ತು.

ದೇಯಿ ಹಲಗೆ ಹೊತ್ತುಕೊಂಡು ಜೆಪ್ಪುವಿನಲ್ಲಿ ದೋಣಿ ಹತ್ತಿ, ಹೊಳೆ ದಾಟಿ, ತೊಕ್ಕೊಟ್ಟಿನಲ್ಲಿದ್ದ ತನ್ನ ತಮ್ಮನಾದ ಬೂಬನ ಮನೆಗೆ ಹೋದಳು. ನೀರಿನಲ್ಲಿ ಕೊಳೆಸಿದ ತೆಂಗಿನ ಸಿಪ್ಪೆಯನ್ನು ಬಡಿದು ನಾರು ತೆಗೆಯುವ ಕೆಲಸ ಸಿಕ್ಕಿತು. ಅಂಗಳ ಬಡಿದ ಕೈ ಸಿಪ್ಪೆ ಬಡಿಯಿತು. ಕ್ಲಬ್ಬಿನವರ ಚಾಪೆಗೆ ನಾರು ಎಲ್ಲಿಂದ ಬರುತ್ತಿತ್ತೆಂದು ಅವರ ಪುಸ್ತಕದಲ್ಲಿಲ್ಲ.

ನಮ್ಮವರು ನಲವತ್ತೊಂದರಲ್ಲಿ ತೀರಿಹೋದರು. ಕೊನೆಗೆ ಪಾದ್ರಿಯ ಕಿವಿಯಲ್ಲಿ ಹೇಳಿದರೋ ಇಲ್ಲವೋ ದೇವರಿಗೆ ಗೊತ್ತು. ಕ್ಲಬ್ಬಿನಲ್ಲಿ ಹೇಳಲಿಲ್ಲ. ಹ್ಯೂಬರ್ಟ್ ಅದಕ್ಕೂ ಮೊದಲೇ ಹೋಗಿದ್ದ.

ಈ ವರ್ಷ ಕ್ಲಬ್ಬಿಗೆ ನಲವತ್ತು ತುಂಬಿತು. ಈಗಿನ ಸೆಕ್ರೆಟರಿ ಚಿತ್ತರಂಜನ ಎಂಬ ವಕೀಲರ ಮಗ. ನಯವಾದ ಹುಡುಗ. ಪುಸ್ತಕ ತಂದುಕೊಟ್ಟು, ಬರುವ ತಿಂಗಳ ಹಬ್ಬದಲ್ಲಿ ನಮ್ಮವರ ಫೋಟೋದ ಪರದೆ ಎಳೆಯಬೇಕೆಂದು ಕೇಳಿದ. ಅವನನ್ನು ಕೂರಿಸಿ ಇಪ್ಪತ್ತೊಂದನೆಯ ಪುಟ ತೆಗೆದೆ.

"ಇದನ್ನು ಯಾರು ಬರೆದದ್ದು?"

"ನಾನೇ, ಬಾಯಮ್ಮ. ಹಳೆಯ ಮಿನಿಟ್ಸ್ ಪುಸ್ತಕದಲ್ಲಿ ಹಾಗೇ ಉಂಟಲ್ಲ?"

"ಮಿನಿಟ್ಸ್ ಬರೆದದ್ದು ಯಾರು?"

"ನಿಮ್ಮ ಯಜಮಾನರೇ. ಅವರ ಅಕ್ಷರ ಎಷ್ಟು ಚಂದ!"

"ಅಕ್ಷರ ಚಂದ ಉಂಟು, ಮಾತು ಸುಳ್ಳು" ಎಂದು ಆ ಮಧ್ಯಾಹ್ನದ ಹನ್ನೊಂದು ಸಲದ ಕಥೆಯನ್ನು ಹೇಳಿದೆ. ಅವನು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತ.

"ಬಾಯಮ್ಮ, ಇನ್ನೂರು ಪ್ರತಿ ಅಚ್ಚಾಗಿದೆ. ಹಬ್ಬದ ಹೊತ್ತಿಗೆ ಇದೊಂದು ಯಾಕೆ ಮಾರಾಯ್ರೆ? ಆ ಹೆಂಗಸಿನ ಹೆಸರು ಸಹ ನಾವು ಹಾಕಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

ಹೆಸರು ಹಾಕದೆ ಇದ್ದದ್ದು ಉಪಕಾರವಂತೆ! ನನ್ನ ಬಾಯಿಂದ ಬರಬಾರದ್ದು ಬರುವ ಮೊದಲು ಅವನನ್ನು ಕಳುಹಿಸಿದೆ.

ಮರುದಿನವೇ ಹೊಳೆ ದಾಟಿದೆ. ಇಪ್ಪತ್ತೆರಡು ವರ್ಷ ಆಗದೆ ಇದ್ದದ್ದು ಒಂದು ದೋಣಿಯ ದಾರಿ. ಬೂಬನ ಮನೆ ಕೇಳಿಕೊಂಡು ಹೋದರೆ ದೇಯಿ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎದೆಯಲ್ಲಿ ಕಫ, ಕಾಲಿನಲ್ಲಿ ನೀರು. ನನ್ನನ್ನು ನೋಡಿ ಕೈಯೂರಿ ಎದ್ದು ಕೂತಳು.

"ಬಾಯಮ್ಮನಾ? ಇವತ್ತು ಹೊಳೆಯಲ್ಲಿ ನೀರು ಕಡಿಮೆ ಇರಬೇಕು."

ಆ ಚುಚ್ಚು ನನಗೆ ಬರಬೇಕಾದದ್ದೇ.

ಪುಸ್ತಕ ತೆಗೆದು ಆ ಸಾಲನ್ನು ಓದಿ ಹೇಳಿದೆ. ಅವಳು ಮತ್ತೊಮ್ಮೆ ಓದಿಸಿದಳು. "ಅಲಕ್ಷ್ಯ ಅಂದರೆ ಎಂತ?" ಎಂದಳು. ಹೇಳಿದೆ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಇಷ್ಟು ದಿನ ಬಾಯಿಯಲ್ಲಿತ್ತು. ಹೇಳಿದವರು ಸತ್ತರೆ ಹೋಗ್ತದೆ ಅಂತ ಇದ್ದೆ. ಈಗ ಪುಸ್ತಕದಲ್ಲಿ ಬಂತು. ಇನ್ನು ಅದಕ್ಕೆ ಸಾವಿಲ್ಲ ಅಲ್ವಾ?"

ನನಗೆ ಅಳು ಬಂತು. "ದೇಯಿ, ಆ ನೀರು ಹೊಯ್ದದ್ದು ನಮ್ಮವರು. ನಾನು ಕಿಟಕಿಯಿಂದ ನೋಡಿದ್ದೆ."

"ಗೊತ್ತುಂಟು."

"ಯಾರು ಹೇಳಿದರು?"

"ನಿಮ್ಮ ಕೊಡ. ನೀರು ಹೊಯ್ದು ಅದನ್ನು ನನ್ನ ನೆಲದ ಮೇಲೆಯೇ ಇಟ್ಟಿದ್ದಾರೆ. ಅಂಚಿನಲ್ಲಿ ಒಂದು ಕಡೆ ಅದರ ಗುರುತು ಅಳಿಸದೆ ಇತ್ತು. ಉರುಟು ಬಳೆ, ನಡುವೆ ಗೇರುಬೀಜ. ಎಷ್ಟು ವರ್ಷ ಉಜ್ಜಿದ ಕೊಡ ಅದು, ನನಗೆ ತಿಳಿಯುವುದಿಲ್ಲವಾ?"

"ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ?"

"ನಾನು ಹೇಳಿದರೆ ಯಾರು ನಂಬ್ತಾರೆ, ಬಾಯಮ್ಮ? ಅದು ನಿಮ್ಮ ಕೊಡ. ನೀವು ಹೇಳಬೇಕಿತ್ತು. ಅದಕ್ಕೇ ನಿಮ್ಮನ್ನು ನೋಡಿದೆ."

ಕ್ಷಮಿಸು ಎಂದು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಮೂಲೆಯಲ್ಲಿ ಅವಳ ಹಲಗೆ ಗೋಡೆಗೆ ಒರಗಿತ್ತು. ಬಡಿದು ಬಡಿದು ಒಂದು ಮಗ್ಗುಲು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ನಾನು ಹೊರಡಲು ಎದ್ದಾಗ ಅವಳು ನನ್ನ ಸೆರಗು ಹಿಡಿದಳು. ಅದಾದ ಆರನೆಯ ದಿನ ಅವಳು ತೀರಿಕೊಂಡಳೆಂದು ಬೂಬ ಬಂದು ತಿಳಿಸಿದ. ಹಾಗಾಗಿ ಅವಳು ನನ್ನಲ್ಲಿ ಕೇಳಿದ್ದರಲ್ಲಿ ಇದೇ ಕೊನೆಯದು.

"ಆ ಕೊಡ ಈಗಲೂ ಉಂಟಾ?"

"ಉಂಟು. ನೀರೊಲೆಯ ಹತ್ತಿರ."

"ಅವರ ಕ್ಲಬ್ಬಿನಲ್ಲಿ ಆಟದಲ್ಲಿ ಗೆದ್ದ ಕಪ್ಪುಗಳನ್ನು ಇಡುವ ಕನ್ನಡಿ ಕಪಾಟು ಉಂಟಂತೆ ಅಲ್ವಾ? ಹಬ್ಬದ ದಿನ ಎಲ್ಲರೂ ಕೂತ ಮೇಲೆ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಹೋಗಿ, ಬಾಯಮ್ಮ. ಹಗ್ಗ ಇದ್ದರೂ ದಾಟಿ. ಆ ಕಪ್ಪುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಇದು ಎಂತ ಮಾಡಿದ ಕೊಡ ಅಂತ ನಿಮ್ಮ ಬಾಯಿಂದ ಹೇಳಿ. ಕವುಚಿ ಇಡಿ, ಅಡಿ ಕಾಣಬೇಕು. ಹುಳಿ ಹಾಕಿ ಚಂದ ಉಜ್ಜಿ ಕೊಂಡುಹೋಗಿ. ಗೇರುಬೀಜವನ್ನು ಮಾತ್ರ ಉಜ್ಜಬೇಡಿ, ಅದು ಕಪ್ಪಾಗಿಯೇ ಇರಲಿ."